ನಾಲ್ಕು ತಿಂಗಳು ಬಾಗಿಲು ಹಾಕಿಕೊಳ್ಳುವ ಊರುಗಳು

ವಿಜಾಪುರದ ಕಡೆಯ ನೆಂಟರು "ಬೆಳಗಾವಿಗೆ ಬರ್ತೀವಿ" ಎಂದು ಫೋನು ಮಾಡಿದರೆ ನಮ್ಮ ಮನೆಯಲ್ಲಿ ಮೊಟ್ಟಮೊದಲು ಹೇಳುವ ಮಾತು, "ಸ್ವೆಟರ್ ಮರೀಬ್ಯಾಡ್ರಿ". ಅವರು ನಗುತ್ತಾರೆ. ಬಂದ ಮರುದಿನ ಬೆಳಿಗ್ಗೆ ಶಾಲು ಹೊದ್ದುಕೊಂಡು ಅಡಿಗೆಮನೆಗೇ ಬಂದು ಕೂತು, "ಏನ್ರಿ ಇದು, ನಿಮ್ಮೂರಾಗ ಬಿಸಲ ಬೀಳೂದಿಲ್ಲೇನು?" ಎಂದು ಕೇಳುತ್ತಾರೆ. ಜುಲೈ ತಿಂಗಳಾದರೆ ಆ ಪ್ರಶ್ನೆಗೆ ಉತ್ತರ ಕೊಡುವುದು ನನಗೂ ಕಷ್ಟವೇ! ಎಂಟು ದಿನ ಬಿಸಿಲು ಕಾಣದೆ, ಒಗೆದ ಸೀರೆ ಮೂರು ದಿನವಾದರೂ ಒಣಗದೆ, ಉಪ್ಪಿನ ಡಬ್ಬಿಯಲ್ಲಿ ಉಪ್ಪು ನೀರಾಗಿ ಕೂತಿರುವ ಕಾಲವದು.

ಸಮುದ್ರಮಟ್ಟದಿಂದ ಸುಮಾರು ಎರಡೂವರೆ ಸಾವಿರ ಅಡಿ ಎತ್ತರದಲ್ಲಿದೆ ನಮ್ಮ ಊರು. ಹಳೆಯ ಹೆಸರು ವೇಣುಗ್ರಾಮ, ಬಿದಿರಿನ ಊರು. ಇಂಗ್ಲಿಷರು ಇಲ್ಲಿ ದಂಡು ಇಟ್ಟುಕೊಂಡಾಗ ಈ ತಂಪು ಹವೆಯೂ ಅವರಿಗೆ ಹಿಡಿಸಿತ್ತು ಎನ್ನುತ್ತಾರೆ. ವರ್ಷಕ್ಕೆ ಸುಮಾರು 1,300 ಮಿಲಿಮೀಟರ್ ಮಳೆ. ನಮಗೆ ಇದೇ ಬಹಳವಾಯಿತು. ಆದರೆ ಇಲ್ಲಿಂದ ಖಾನಾಪುರಕ್ಕೆ ಹೋಗಿ, ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಜಾಂಬೋಟಿ ದಾಟಿದಿರೋ, ನಮ್ಮ ಮಳೆ ಮಳೆಯೇ ಅಲ್ಲ, ನಮ್ಮ ಥಂಡಿ ಥಂಡಿಯೇ ಅಲ್ಲ ಅನಿಸಿಬಿಡುತ್ತದೆ.

ಚಳಿಯ ನಾಡುಗಳ ಜನರ ಬಗ್ಗೆ ನೀವು ಓದಿರಬಹುದು. ಹಿಮ ಬಿದ್ದು ದಾರಿ ಮುಚ್ಚಿಹೋದಾಗ ತಿಂಗಳುಗಟ್ಟಲೆ ಒಂದೇ ಸೂರಿನಡಿ ಇರುವವರ ನಡೆ ನುಡಿ, ಸಿಟ್ಟು ಸೆಡವು ಎಲ್ಲ ಬೇರೆ ಬಗೆಯಾಗುತ್ತದಂತೆ. ಇದನ್ನು ನೋಡಲು ನಾರ್ವೆಗೋ ಲಡಾಖಿಗೋ ಹೋಗಲು ನನ್ನಂಥವಳಿಂದ ಆದೀತೆ? ಆದರೆ ಅದೇ ಜಾತಿಯ ಬದುಕು, ಹಿಮದ ಬದಲು ಮಳೆ ಅಷ್ಟೇ, ನಮ್ಮ ಮನೆಯಿಂದ ಅರ್ಧ ದಿನದ ದಾರಿಯಲ್ಲಿದೆ. ನನ್ನ ನಾದಿನಿ ಆ ಕಡೆ ಕೆಲವು ವರ್ಷ ಶಾಲೆಯಲ್ಲಿ ಮಾಸ್ತರಿಣಿಯಾಗಿದ್ದಳು. ಅವಳ ನೆಪದಲ್ಲಿ ನಾಲ್ಕೈದು ಸಲ ಹೋಗಿ ಬಂದು ಕಂಡದ್ದು, ಕೇಳಿದ್ದು ಇಲ್ಲಿ ಬರೆಯುತ್ತಿದ್ದೇನೆ.

ಎರಡು ಮುಖದ ತಾಲೂಕು

ಬೆಳಗಾವಿಯಿಂದ ಖಾನಾಪುರ ಸುಮಾರು 25 ಕಿಲೋಮೀಟರ್. ರೈಲೂ ಇದೆ, ಬಸ್ಸಂತೂ ಇದ್ದೇ ಇದೆ. ಊರ ಪಕ್ಕದಲ್ಲೇ ಮಲಪ್ರಭೆ ಹರಿಯುತ್ತಾಳೆ. ಇಲ್ಲಿನ ಮಣ್ಣಿನ ಗಡಿಗೆ, ಹಂಚುಗಳಿಗೆ ಹೆಸರಿದೆ; ನಮ್ಮ ಮನೆಯ ಕುಡಿಯುವ ನೀರಿನ ಹರವಿ ಖಾನಾಪುರದ್ದೇ. ತಾಲೂಕಿನ ಪೂರ್ವಕ್ಕೆ ಹೋದರೆ ಬಯಲು, ಹೊಲ, ಜೋಳದ ರೊಟ್ಟಿ, ನಮ್ಮ ಕನ್ನಡ. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡ, ಕದಂಬರ ಹಲಸಿ ಎರಡೂ ಈ ತಾಲೂಕಿನವೇ. ಪಶ್ಚಿಮಕ್ಕೆ ತಿರುಗಿದರೆ ಸಹ್ಯಾದ್ರಿ, ದಟ್ಟ ಕಾಡು, ಭತ್ತದ ಸಣ್ಣ ಸಣ್ಣ ಗದ್ದೆ, ಮರಾಠಿ–ಕೊಂಕಣಿ ಬೆರೆತ ಮಾತು. ಒಂದೇ ತಾಲೂಕಿನ ಎರಡು ಹೆಣ್ಣುಮಕ್ಕಳನ್ನು ಎದುರುಬದುರು ಕೂರಿಸಿದರೆ ಒಬ್ಬಳು ಮಳೆ ಬರಲಿ ಎಂದು ಹರಕೆ ಹೊತ್ತಿರುತ್ತಾಳೆ, ಇನ್ನೊಬ್ಬಳು ನಿಲ್ಲಲಿ ಎಂದು!

ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ, ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುತ್ತಾಳೆ. ಅದೇ ಬೆಟ್ಟಸಾಲಿನ ದೇಗಾಂವ್ ಹತ್ತಿರ ಮಹದಾಯಿ ಹುಟ್ಟಿ ಪಶ್ಚಿಮಕ್ಕೆ ಇಳಿದು ಗೋವೆಯಲ್ಲಿ ಮಾಂಡೋವಿಯಾಗುತ್ತಾಳೆ. ಈ ನೀರಿಗಾಗಿ ನಡೆದ ಜಗಳ ನಿಮಗೆಲ್ಲ ಗೊತ್ತೇ ಇದೆ. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿಯ ತೀರ್ಪೂ ಬಂತು. ಆದರೆ ಆ ನೀರು ಬೀಳುವ ಜಾಗದಲ್ಲಿ ಜನ ಹೇಗೆ ಬದುಕುತ್ತಾರೆಂದು ಕೇಳಿದವರು ಕಡಿಮೆ.

ಗವಾಳಿ, ಪಾಸ್ತೋಳಿ, ಕೊಂಗಳಾ, ಕೃಷ್ಣಾಪುರ, ತಳೇವಾಡಿ, ಮೆಂಡಿಲ್, ಆಮಗಾಂವ್. ಈ ಹೆಸರುಗಳನ್ನು ಬೆಳಗಾವಿಯವರೇ ಅನೇಕರು ಕೇಳಿರಲಿಕ್ಕಿಲ್ಲ. ಸುತ್ತಲಿನ ಕಾಡು 2011ರಿಂದ ಭೀಮಗಡ ವನ್ಯಧಾಮ. ಶಿವಾಜಿಯ ಕಾಲದ ಕೋಟೆಯೊಂದು ಅಲ್ಲಿರುವುದರಿಂದ ಆ ಹೆಸರು. ಬಾರಾಪೇಡೆ ಎಂಬ ಗುಹೆಗಳಲ್ಲಿ ಒಂದು ಅಪರೂಪದ ಬಾವಲಿ ಇದೆ. ಬಹಳ ಕಾಲದವರೆಗೆ ಅದು ಲೋಕದಲ್ಲಿ ಇಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲವೆಂದೇ ತಿಳಿದಿದ್ದರು. ಅಷ್ಟು ಒಳಗಿನ ಜಾಗ.

ಮಳೆಯ ಲೆಕ್ಕ ಹೇಳುತ್ತೇನೆ ಕೇಳಿ. 2010ರಲ್ಲಿ ಆಮಗಾಂವದಲ್ಲಿ ಬಿದ್ದ ಮಳೆ 10,000 ಮಿಲಿಮೀಟರ್ ದಾಟಿತು. ಎಂದರೆ ಹತ್ತು ಮೀಟರ್! ಬಿದ್ದ ನೀರೆಲ್ಲ ಹರಿಯದೆ ಅಲ್ಲೇ ನಿಂತಿದ್ದರೆ ಮೂರಂತಸ್ತಿನ ಮನೆ ಮುಳುಗುತ್ತಿತ್ತು. ಶಾಲೆಯ ಪುಸ್ತಕದಲ್ಲಿ ನಾವೆಲ್ಲ ಆಗುಂಬೆ, ಆಗುಂಬೆ ಎಂದು ಬಾಯಿಪಾಠ ಮಾಡಿದೆವು. ನಮ್ಮ ಜಿಲ್ಲೆಯ ಈ ಊರಿನ ಹೆಸರನ್ನು ಯಾರೂ ಹೇಳಿಕೊಡಲಿಲ್ಲ ನೋಡಿ.

ಮೇ ತಿಂಗಳ ಕಣಜ

ಮೊದಲ ಸಲ ನಾನು ಹೋದದ್ದು ಮೇ ತಿಂಗಳ ಕೊನೆಯಲ್ಲಿ. ಮಳೆ ಇನ್ನೂ ಬಂದಿರಲಿಲ್ಲ, ಆದರೆ ಇಡೀ ಊರು ಮದುವೆಮನೆಯ ಹಾಗೆ ಗಡಿಬಿಡಿಯಲ್ಲಿತ್ತು. ಗಂಡಸರು ಹಂಚು ಕೈಯಾಡಿಸುತ್ತಿದ್ದರು, ಮಳೆ ಬಡಿಯುವ ದಿಕ್ಕಿನ ಗೋಡೆಗೆ ಹುಲ್ಲಿನ ತಟ್ಟಿ ಕಟ್ಟುತ್ತಿದ್ದರು, ಹಳ್ಳಗಳಿಗೆ ಮರದ ದಿಮ್ಮಿ ಹಾಸಿ ಸಂಕ ಕಟ್ಟುತ್ತಿದ್ದರು. ಈ ಸಂಕವನ್ನು ವರ್ಷವರ್ಷವೂ ಹೊಸದಾಗಿ ಕಟ್ಟಬೇಕು. ದೊಡ್ಡ ನೆರೆ ಬಂದರೆ ಮಳೆಗಾಲದ ನಡುವೆಯೇ ಕೊಚ್ಚಿಹೋಗುತ್ತದೆ. ಹೋದರೆ ಮುಗಿಯಿತು, ನೀರು ಇಳಿಯುವವರೆಗೆ ಆಚೆಯವರು ಆಚೆ, ಈಚೆಯವರು ಈಚೆ.

ಹೆಂಗಸರ ಕೆಲಸ ಅದಕ್ಕಿಂತ ಹೆಚ್ಚು. ಮನೆಯ ಒಳಗೋಡೆಯುದ್ದಕ್ಕೂ ಎದೆಯೆತ್ತರ ಸೌದೆ ಒಟ್ಟಬೇಕು. ನಾಚಣಿ, ಅಕ್ಕಿ, ಹುರುಳಿ ಒಣಗಿಸಿ ತುಂಬಬೇಕು. ಮುರುಗಲ ಹಣ್ಣಿನ ಸಿಪ್ಪೆ, ಹಲಸಿನ ಹಪ್ಪಳ, ಒಣಮೀನು, ಈರುಳ್ಳಿ, ಬೆಲ್ಲ ಎಲ್ಲವೂ ಒಲೆಯ ಮೇಲಿನ ಅಟ್ಟಕ್ಕೆ. ಹೊಗೆ ತಾಗುವ ಜಾಗದಲ್ಲಿ ಬೂಷ್ಟು ಹಿಡಿಯುವುದಿಲ್ಲ. ಎಣ್ಣೆ, ಉಪ್ಪು, ಚಹಾಪುಡಿ, ಕಡ್ಡಿಪೆಟ್ಟಿಗೆ, ಬ್ಯಾಟರಿ ಸೆಲ್ಲು ತರಲು ಖಾನಾಪುರಕ್ಕೆ, ಕೈಯಲ್ಲಿ ದುಡ್ಡಿದ್ದರೆ ಬೆಳಗಾವಿಯ ರವಿವಾರ ಪೇಟೆಗೆ ಒಂದು ಪ್ರಯಾಣ. ಘಟ್ಟದ ಕೆಳಗಿನ ಗೋವೆಯಲ್ಲೂ ಇದೇ ರೂಢಿ. ಅಲ್ಲಿ ಮಳೆಗಾಲಕ್ಕೆ ಮೊದಲು 'ಪುರುಮೆಂತ್' ಎಂಬ ಜಾತ್ರೆಗಳೇ ನಡೆಯುತ್ತವೆ. ಪೋರ್ಚುಗೀಸರ ಮಾತಿನಿಂದ ಬಂದ ಹೆಸರು, ಅರ್ಥ 'ಸಾಮಾನು ಕೂಡಿಟ್ಟುಕೊಳ್ಳುವುದು' ಎಂದಷ್ಟೇ.

ನನ್ನನ್ನು ಬೆರಗುಗೊಳಿಸಿದ್ದು ಸಾಮಾನಲ್ಲ, ಲೆಕ್ಕ. ಓದು ಬಾರದ ಒಬ್ಬ ಹೆಣ್ಣುಮಗಳು ಮನೆಯಲ್ಲಿ ಎಂಟು ಜನ, ಇಷ್ಟು ದಿನ, ದಿನಕ್ಕೆ ಇಷ್ಟು ಪಾವು ಎಂದು ಬೆರಳು ಮಡಚುತ್ತ ಹೇಳಿದಳು; ಕೊನೆಗೆ "ಮ್ಯಾಲ ಎರಡು ಪಾಲು" ಎಂದು ಸೇರಿಸಿದಳು. ಆ ಎರಡು ಪಾಲು ಯಾರದು ಎಂದು ಕೇಳಿದೆ. "ಮಳ್ಯಾಗ ಸಿಕ್ಕೊಂಡು ಯಾರರೆ ಬರ್ತಾರಲ್ರಿ ಬಾಯಿ. ಬಂದವರ್ನ ಹ್ವಾದ ಅನ್ನಾಕ ಬರತೈತೇನು?" ಎಂದಳು. ಬರುವವನ ಹೆಸರು ಗೊತ್ತಿಲ್ಲ, ಜಾತಿ ಗೊತ್ತಿಲ್ಲ, ಬರುತ್ತಾನೋ ಇಲ್ಲವೋ ಅದೂ ಗೊತ್ತಿಲ್ಲ. ಅವನ ಪಾಲಿನ ಅಕ್ಕಿ ಮಾತ್ರ ಮೇ ತಿಂಗಳಲ್ಲೇ ಕಣಜಕ್ಕೆ ಬಿದ್ದಿರುತ್ತದೆ! ನಾವು ಬೆಳಗಾವಿಯಲ್ಲಿ ನೆಂಟರು ಫೋನು ಮಾಡದೆ ಬಂದರೆ ಮುಖ ಸಣ್ಣ ಮಾಡುತ್ತೇವಲ್ಲ.

ಹುರುಳಿಯ ಮಾತು ಬಂದದ್ದರಿಂದ ಒಂದು ಅಡಿಗೆ ಹೇಳಿ ಮುಂದೆ ಹೋಗುತ್ತೇನೆ. ಅವರು ಹುರುಳಿಯನ್ನು ಬೇಯಿಸಿ ಕಟ್ಟು ಬಸಿದು, ಅದಕ್ಕೆ ನಾಲ್ಕು ಮುರುಗಲ ಸಿಪ್ಪೆ, ಉಪ್ಪು, ಚೂರು ಬೆಲ್ಲ ಹಾಕಿ ಕುದಿಸುತ್ತಾರೆ. ಬೆಳ್ಳುಳ್ಳಿಯನ್ನು ಸಿಪ್ಪೆಸಮೇತ ಜಜ್ಜಿ, ಒಣಮೆಣಸಿನಕಾಯಿ ಮುರಿದು, ತೆಂಗಿನೆಣ್ಣೆಯಲ್ಲಿ ಒಗ್ಗರಣೆ. ಬಿಸಿಬಿಸಿ ನಾಚಣಿ ಭಾಕರಿಗೆ ಅದ್ದಿಕೊಂಡು ತಿಂದರೆ ಮೂಗು, ಕಿವಿ, ಎದೆ ಎಲ್ಲ ಬೆಚ್ಚಗಾಗುತ್ತದೆ. ಬೆಂದ ಕಾಳನ್ನು ಎಸೆಯಬೇಡಿ, ಈರುಳ್ಳಿ ಹಾಕಿ ಪಲ್ಯ ಮಾಡಿ.

ಸಿಟ್ಟು ಮಾಡಿ ಎಲ್ಲಿಗೆ ಹೋಗುವುದು?

ಜೂನ್ ಬಂತೆಂದರೆ ಬಾಗಿಲು ಹಾಕಿದ ಹಾಗೆ. ನಾಟಿಯ ದಿನಗಳಲ್ಲಿ ಗೊರಬು, ಕಂಬಳಿಕೊಪ್ಪೆ ಹಾಕಿಕೊಂಡು ಬಗ್ಗಿ ದುಡಿಯುತ್ತಾರೆ. ಈಚೆಗೆ ಪ್ಲಾಸ್ಟಿಕ್ ಹಾಳೆಯೂ ಬಂದಿದೆ. ನಾಟಿ ಮುಗಿದರೆ ಮನೆಯೊಳಗೇ. ಹಂಚಿನ ಮೇಲೆ ಮಳೆ ಬಡಿಯುವ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಕೂಸಿನ ಬಟ್ಟೆ ಒಣಗಿಸಲು ಕೆಂಡದ ಮೇಲೆ ಬಿದಿರುಬುಟ್ಟಿ ಬೋರಲು ಹಾಕಿ ಅದರ ಮೇಲೆ ಹರವುತ್ತಾರೆ. ಮನೆಯಲ್ಲಿ ಬೆಂಕಿಯಿರುವ ಜಾಗ ಒಂದೇ ಆದ್ದರಿಂದ ಅಜ್ಜ, ಮೊಮ್ಮಗ, ಅತ್ತೆ, ಸೊಸೆ, ಬೆಕ್ಕು, ಆಗಷ್ಟೇ ಹುಟ್ಟಿದ ಆಡಿನ ಮರಿ ಎಲ್ಲರೂ ಒಂದೇ ಒಲೆಯ ಸುತ್ತ.

ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ಮುದುಕಿಯೊಬ್ಬಳ ಹತ್ತಿರ ಕೂತು ಕೇಳಿದೆ: "ಆಯಿ, ಇಷ್ಟ ಮಂದಿ ಒಂದ ಕಡೆ, ನಾಕ ತಿಂಗಳ. ಜಗಳ ಆಗೂದಿಲ್ಲೇನ್ರಿ?"

ಆಕೆ ಬೊಚ್ಚುಬಾಯಲ್ಲಿ ನಕ್ಕಳು. "ಜಗಳಾ ಮಾಡಿ ಎಲ್ಲಿ ಹೋಗೂದ ಬಾಯಿ? ಹೊರಗ ಹ್ವಾದ್ರ ಮಳಿ, ಒಳಗ ಬಂದ್ರ ಅತ್ತಿ!" ಎಂದಳು. ಅತ್ತೆ ಸತ್ತು ಎಷ್ಟೋ ವರ್ಷವಾಗಿರಬೇಕು. ಅಲ್ಲೇ ಅಕ್ಕಿ ಆರಿಸುತ್ತಿದ್ದ ಸೊಸೆಯೂ ನಕ್ಕಳು. ಆಮೇಲೆ ಆಯಿ ಗಂಭೀರವಾಗಿ ಹೇಳಿದ್ದು: ಹಿಂದೆ ಹೊಲದ ಬದುವಿನ ಜಗಳ, ಕೊಟ್ಟ ತಂದ ಜಗಳ ಏನೇ ಇದ್ದರೂ ಮಳೆಯಲ್ಲಿ ಎತ್ತುತ್ತಿರಲಿಲ್ಲವಂತೆ. ದಸರಾ ಆಗಲಿ, ಕಟ್ಟೆಯ ಮೇಲೆ ಕೂತು ಮಾತಾಡೋಣ ಅನ್ನುತ್ತಿದ್ದರಂತೆ. ದಸರಾ ಬರುವ ಹೊತ್ತಿಗೆ ಅರ್ಧ ಜಗಳ ಮರೆತೇ ಹೋಗಿರುತ್ತಿತ್ತು.

ಇದನ್ನು ಕೇಳಿದಾಗ ನನಗೆ ಜೀನ್ ಬ್ರಿಗ್ಸ್ ಎಂಬ ಹೆಂಗಸಿನ ವಿಷಯ ನೆನಪಾಯಿತು. 1963ರಲ್ಲಿ ಆಕೆ ಕೆನಡಾದ ಉತ್ತರದಂಚಿನಲ್ಲಿ, ಹಿಮದ ನಾಡಿನ ಇನುಯಿತ್ ಜನರ ಒಂದು ಚಿಕ್ಕ ಗುಂಪಿನೊಡನೆ ಇರಲು ಹೋದಳು. ಒಂದು ಕುಟುಂಬ ಅವಳನ್ನು ಸಾಕುಮಗಳಾಗಿ ಇರಿಸಿಕೊಂಡಿತು. ಚಳಿಗಾಲದಲ್ಲಿ ಹಿಮದ ಗುಡಿಸಿಲಲ್ಲಿ ಎಲ್ಲರೂ ಒತ್ತಾಗಿ ಮಲಗಬೇಕು. ಅಲ್ಲಿ ದೊಡ್ಡವರಾದವರು ಸಿಟ್ಟು ತೋರಿಸುವುದೇ ಇಲ್ಲ ಎಂದು ಆಕೆ ಕಂಡಳು. ಸಿಟ್ಟು ಬರುವುದು ಕೂಸುಗಳಿಗೆ ಮಾತ್ರ ಎಂಬುದು ಅವರ ತಿಳಿವಳಿಕೆ. ಒಂದು ಬೇಸಿಗೆಯಲ್ಲಿ ಮೀನು ಹಿಡಿಯಲು ಬಂದ ಹೊರಗಿನ ಗಂಡಸರು ಆ ಜನರ ದೋಣಿಯೊಂದನ್ನು ಎರವಲು ಪಡೆದು ಮುರಿದರು, ಇದ್ದ ಇನ್ನೊಂದನ್ನೂ ಕೇಳಿದರು. ಇವಳಿಗೆ ತಡೆಯಲಾಗಲಿಲ್ಲ. ತನ್ನವರ ಪರವಾಗಿಯೇ ರೇಗಿದಳು. ಆಮೇಲೆ ಏನಾಯಿತು ಗೊತ್ತೇ? ತಿಂಗಳುಗಟ್ಟಲೆ ಅವಳ ಗುಡಾರಕ್ಕೆ ಯಾರೂ ಹರಟೆಗೆ ಬರಲಿಲ್ಲ! ಊಟ ಕೊಟ್ಟರು, ಮಾತಾಡಿಸಿದರೆ ನಕ್ಕು ಉತ್ತರ ಕೊಟ್ಟರು, ಆದರೆ ದೂರ ಇಟ್ಟರು. ಸಿಟ್ಟಾಗುವವಳ ಜೊತೆ ಚಳಿಗಾಲ ಕಳೆಯುವುದು ಅವರಿಗೆ ಭಯವಾಗಿತ್ತು. 1970ರಲ್ಲಿ ಆಕೆ ಈ ಬಗ್ಗೆ ಪುಸ್ತಕವನ್ನೇ ಬರೆದಳು.

ಖಾನಾಪುರದ ಕಾಡಿನವರು ಅಷ್ಟು ಶಾಂತಮೂರ್ತಿಗಳೆಂದು ನಾನು ಹೇಳುವುದಿಲ್ಲ. ಕುಡಿದು ಬಂದ ಗಂಡ ಅಲ್ಲೂ ಇದ್ದಾನೆ, ಒಲೆಯ ಮುಂದೆ ಕೂತು ಕಣ್ಣೊರೆಸಿಕೊಳ್ಳುವ ಹೆಂಡತಿಯೂ ಇದ್ದಾಳೆ. ಹೊಗೆ ಕಣ್ಣಿಗೆ ಹೋಯಿತು ಅಂದರೆ ಯಾರೂ ಮುಂದೆ ಕೇಳುವುದಿಲ್ಲ. ಮಳೆಗೆ ಬಾಗಿಲು ಮುಚ್ಚಿದ ಮನೆಯಲ್ಲಿ ಹೊಡೆತ ತಿನ್ನುವವಳಿಗೆ ಓಡಿಹೋಗಲು ತವರೂ ಇಲ್ಲ, ಬಸ್ಸೂ ಇಲ್ಲ. ತಾಳ್ಮೆಯನ್ನು ಹೊಗಳುವಾಗ ಅದು ಯಾರ ತಲೆಯ ಮೇಲೆ ಹೆಚ್ಚು ಬೀಳುತ್ತದೆಂಬುದನ್ನೂ ನೋಡಬೇಕಲ್ಲ.

ಮೂರನೆಯ ತಿಂಗಳು

ಮನಸ್ಸು ಕುಗ್ಗುವುದು ಯಾವಾಗ? ಮಳೆ ಶುರುವಾದಾಗ ಎಂದು ನಾನು ತಿಳಿದಿದ್ದೆ. ನಾದಿನಿ ಅಲ್ಲವೆಂದಳು. ಜೂನಿನಲ್ಲಿ ಹುರುಪು ಇರುತ್ತದೆ, ಜುಲೈ ನಾಟಿಯಲ್ಲಿ ಹೋಗುತ್ತದೆ. ಆಗಸ್ಟ್ ಬಂದಾಗ ನೋಡಬೇಕು. ಕೆಲಸ ಕಡಿಮೆ, ಕಣಜ ಅರ್ಧ ಖಾಲಿ, ಮಳೆ ನಿಲ್ಲಲು ಇನ್ನೂ ಬಹಳ ದಿನ. ಮಾತು ಕಡಿಮೆಯಾಗುತ್ತದೆ, ಮಕ್ಕಳು ಸುಮ್ಮಸುಮ್ಮನೆ ಅಳುತ್ತಾರೆ, ದೊಡ್ಡವರು ಹೊಸ್ತಿಲಲ್ಲಿ ಕೂತು ಹೊರಗೆ ನೋಡುತ್ತಲೇ ಇರುತ್ತಾರೆ.

ಅಂಟಾರ್ಕ್ಟಿಕದ ಹಿಮಖಂಡದಲ್ಲಿ ತಿಂಗಳುಗಟ್ಟಲೆ ಇರುವ ವಿಜ್ಞಾನಿಗಳ ಬಗ್ಗೆಯೂ ಹೀಗೇ ಹೇಳಿದ್ದಾರೆ. ಅರ್ಧ ದಾರಿ ಕಳೆದ ಮೇಲೆ, ನಾಲ್ಕರಲ್ಲಿ ಮೂರನೆಯ ಪಾಲಿನಲ್ಲಿ, ಮನಸ್ಸು ಎಲ್ಲಕ್ಕಿಂತ ಕೆಳಗಿಳಿಯುತ್ತದೆಂದು 1991ರಲ್ಲಿ ಇಬ್ಬರು ತಜ್ಞರು ಬರೆದರು. ಎಲ್ಲರಿಗೂ ಹಾಗೇ ಆಗುತ್ತದೆಂದಲ್ಲ, ಅನೇಕರಿಗೆ ಆಗುತ್ತದೆ. ನಮ್ಮ ಮಳೆಗಾಲ ನಾಲ್ಕು ತಿಂಗಳು. ಅದರ ಮೂರನೆಯ ಪಾಲು ಎಂದರೆ ಹೆಚ್ಚುಕಡಿಮೆ ಶ್ರಾವಣ. ನಾಗರಪಂಚಮಿ, ಶ್ರಾವಣ ಸೋಮವಾರಗಳು, ಅದರ ಬೆನ್ನಿಗೇ ಗೌರಿ–ಗಣಪತಿ. ನಮ್ಮ ಹಿರಿಯರು ಇದನ್ನೆಲ್ಲ ಲೆಕ್ಕ ಹಾಕಿಯೇ ಹಬ್ಬ ಇಟ್ಟರು ಎಂದು ನಾನು ಹೇಳಲಾರೆ. ಆದರೆ ಮಂಕು ಹಿಡಿಯುವ ಹೊತ್ತಿಗೇ ಜೋಕಾಲಿ, ಉಂಡಿ, ತವರಿನ ಕರೆ ಬರುತ್ತದಲ್ಲ, ಅದರ ಬೆಲೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಗೊತ್ತು. ಕಾಡಿನ ಊರುಗಳಲ್ಲಿ ಗಣಪತಿ ಹಬ್ಬವೇ ದೊಡ್ಡದು. ಗೋವೆಯಲ್ಲಿ, ಬೆಳಗಾವಿಯಲ್ಲಿ ದುಡಿಯುವ ಗಂಡುಮಕ್ಕಳು ಹಳ್ಳ ದಾಟಿ, ಸಾಮಾನಿನ ಚೀಲ ತಲೆಯ ಮೇಲೆ ಹೊತ್ತು ಬರುತ್ತಾರೆ. ನಾಲ್ಕು ದಿನ ಊರಿನಲ್ಲಿ ಗಂಡಸರ ದನಿ ಕೇಳಿಸುತ್ತದೆ.

ಬೆಳಕಿಲ್ಲದ ದಿನಗಳಲ್ಲಿ ಮನಸ್ಸು ಮಂಕಾಗುವುದು ಸೋಮಾರಿತನವಲ್ಲ. 1984ರಲ್ಲಿ ಅಮೆರಿಕದ ರೋಸೆಂತಾಲ್ ಎಂಬ ವೈದ್ಯರು ಮತ್ತು ಅವರ ಜೊತೆಗಾರರು ಇದನ್ನೊಂದು ಕಾಯಿಲೆಯೆಂದೇ ಗುರುತಿಸಿದರು, ಬೆಳಕಿನಿಂದಲೇ ಚಿಕಿತ್ಸೆ ಮಾಡಿದರು. ಮಳೆಗಾಲದಲ್ಲಿ ನಿಮಗೂ ಹೀಗಾಗುತ್ತಿದ್ದರೆ ಬೆಳಗಿನ ಹೊತ್ತು ಅಡಿಗೆಮನೆಯ ಕತ್ತಲಲ್ಲೇ ಇರದೆ ಪಡಸಾಲೆಗೆ, ಅಂಗಳದ ಬಾಗಿಲಿಗೆ ಬಂದು ಕೂತು ಕಾಯಿಪಲ್ಯ ಹೆಚ್ಚಿ. ಎರಡು ವಾರ ದಾಟಿಯೂ ನಿದ್ದೆ, ಊಟ, ಆಸೆ ಯಾವುದೂ ಸರಿಹೋಗದಿದ್ದರೆ ಡಾಕ್ಟರರಿಗೆ ತೋರಿಸಿ, ಮುಚ್ಚಿಡಬೇಡಿ.

ಆದರೆ ಕತ್ತಲೆಯ ಊರಿನವರೆಲ್ಲ ಅಳುತ್ತಲೇ ಇರುತ್ತಾರೆಂದೂ ಅಲ್ಲ. ನಾರ್ವೆಯ ಟ್ರೋಮ್ಸೊ ಎಂಬ ಊರಿನಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಅಲ್ಲಿ ಹೋಗಿದ್ದ ಕಾರಿ ಲೈಬೊವಿಟ್ಸ್ ಎಂಬ ತರುಣಿ ಜನರನ್ನು ವಿಚಾರಿಸಿದಾಗ, ಉತ್ತರಕ್ಕೆ ಹೋದಷ್ಟೂ ಚಳಿಗಾಲವನ್ನು ಜನ ಹೆಚ್ಚು ಇಷ್ಟಪಟ್ಟು ಹೇಳುವುದು ಕಂಡಿತಂತೆ. ದೀಪ ಹಚ್ಚಿ, ಬೆಚ್ಚಗೆ ಕೂತು, ನಾಲ್ಕು ಜನ ಸೇರುವ ಕಾಲವೆಂದು ಅವರು ಅದನ್ನು ಕಾಯುತ್ತಾರೆ. ನಮ್ಮ ಆಯಿಯೂ ಮಳೆಯನ್ನು ಬೈಯಲಿಲ್ಲ. "ಮಳ್ಯಾಗ ನಮಗ ಯಾರೂ ಕೆಲಸಾ ಹೇಳೂದಿಲ್ಲ" ಎಂದಳು, ರಜೆಯ ಮಾತಾಡುವವಳ ಹಾಗೆ.

ಅಂಟಾರ್ಕ್ಟಿಕದ ಮಾತು ಬಂತಲ್ಲ, ನಮ್ಮ ಹೆಣ್ಣುಮಕ್ಕಳೂ ಅಲ್ಲಿಗೆ ಹೋಗಿದ್ದಾರೆ. 1983ರ ಕೊನೆಯಲ್ಲಿ ಹೊರಟ ಭಾರತದ ಮೂರನೆಯ ತಂಡದಲ್ಲಿ ಸುದೀಪ್ತಾ ಸೇನ್‌ಗುಪ್ತಾ, ಅದಿತಿ ಪಂತ್ ಇದ್ದರು. ಇಸ್ರೋದ ಮಂಗಳಾ ಮಣಿಯವರು 2016ರ ನವೆಂಬರಿನಲ್ಲಿ ಅಲ್ಲಿಯ ಭಾರತಿ ಕೇಂದ್ರಕ್ಕೆ ಹೋಗಿ 403 ದಿನ ಇದ್ದು ಬಂದರು. 23 ಜನರ ತಂಡದಲ್ಲಿ ಇವರೊಬ್ಬರೇ ಹೆಂಗಸು. ವಯಸ್ಸು ಐವತ್ತಾರು, ಅಲ್ಲಿಯವರೆಗೆ ಹಿಮವನ್ನೇ ಕಂಡವರಲ್ಲ! ಹೋಗುವ ಮುಂಚೆ ತಂಡವನ್ನು ಔಲಿ, ಬದರಿನಾಥದ ಕಡೆ ಭಾರ ಹೊರಿಸಿ ಬೆಟ್ಟ ಹತ್ತಿಸಿದರಂತೆ. ಒಬ್ಬರಿಗೊಬ್ಬರು ಹೊಂದಿಕೊಳ್ಳುವುದನ್ನು ಕಲಿಸಲು. ಖಾನಾಪುರದ ಸೊಸೆಯಂದಿರಿಗೆ ಆ ತರಬೇತಿ ಯಾರೂ ಕೊಡುವುದಿಲ್ಲ ಬಿಡಿ. ಅವರು ನೇರವಾಗಿ ಪರೀಕ್ಷೆಗೇ ಕೂರುತ್ತಾರೆ.

ಹಿಮ ನಮ್ಮ ಬೆಳಗಾವಿಗೆ ಪೂರ್ತಿ ಹೊರಗಿನ ಮಾತೂ ಅಲ್ಲ. 1922ರಿಂದ ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಇಲ್ಲಿದೆ, ಸುತ್ತಲಿನ ಹಳ್ಳಿಗಳಲ್ಲಿ ಸೈನ್ಯಕ್ಕೆ ಮಗನನ್ನು ಕೊಟ್ಟ ಮನೆಗಳು ಬಹಳ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಸಿಕ್ಕಿಕೊಂಡು ಜೀವಂತ ಸಿಕ್ಕ, ಆದರೂ ಉಳಿಯದೆ ಹೋದ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನಮ್ಮ ಪಕ್ಕದ ಧಾರವಾಡ ಜಿಲ್ಲೆಯ ಬೆಟದೂರಿನವರು. ಆ ವಾರ ನಮ್ಮ ಓಣಿಯಲ್ಲಿ ಟೀವಿ ಆರಿಸಿದ ಮನೆ ಇರಲಿಲ್ಲ.

ಚಟ್ಟದಂಥ ಡೋಲಿ

ಈಗ ಕಷ್ಟದ ಮಾತು. ಮಳೆಯಲ್ಲಿ ಹೆರಿಗೆಯಾಗಬೇಕಾದ ಬಸುರಿಯನ್ನು ಆ ಊರುಗಳಿಂದ ಮೊದಲೇ ಜಾಂಬೋಟಿಗೋ ಖಾನಾಪುರಕ್ಕೋ ನೆಂಟರ ಮನೆಗೆ ಕಳಿಸುತ್ತಾರೆ. ನೆಂಟರಿಲ್ಲದವರು? ದಿನ ತಪ್ಪಿ ಮುಂಚೆಯೇ ನೋವು ಬಂದವರು? ಎರಡು ಬಿದಿರಿಗೆ ಕಂಬಳಿಯನ್ನೋ ಹಲಗೆಯನ್ನೋ ಕಟ್ಟಿ ಹೆಗಲ ಮೇಲೆ ಹೊರುತ್ತಾರೆ. 2024ರ ಜುಲೈನಲ್ಲಿ ಆಮಗಾಂವದ ಒಬ್ಬ ಹೆಣ್ಣುಮಗಳಿಗೆ ಆರೋಗ್ಯ ಕೆಟ್ಟಾಗ ಊರವರು ಹೀಗೇ ಕಟ್ಟಿಗೆಯ ಡೋಲಿ ಮಾಡಿ, ಸುರಿವ ಮಳೆಯಲ್ಲಿ ಕಿಲೋಮೀಟರುಗಟ್ಟಲೆ ಹೊತ್ತು ಆಂಬುಲೆನ್ಸ್ ನಿಂತ ಜಾಗಕ್ಕೆ ತಂದರು. ಆ ಚಿತ್ರ ಎಲ್ಲರ ಫೋನಿನಲ್ಲೂ ಓಡಾಡಿತು. ನೀವೂ ನೋಡಿರಬಹುದು.

ರಸ್ತೆ ಮಾಡಿದರಾಯಿತಲ್ಲ ಎನ್ನುತ್ತೀರಿ. ಕಾಡು ವನ್ಯಧಾಮ, ಡಾಂಬರು, ಸೇತುವೆ, ಕರೆಂಟಿನ ಕಂಬ ಯಾವುದಕ್ಕೂ ಅರಣ್ಯದ ಕಾಯದೆ ಅಡ್ಡ ಬರುತ್ತದೆ. ರಸ್ತೆ ಬಂದರೆ ಅದರ ಹಿಂದೆ ರೆಸಾರ್ಟು, ಲಾರಿ, ಮರಗಳ್ಳರು ಬರುವುದೂ ಸುಳ್ಳಲ್ಲ. ಹಾಗಾಗಿ ಸರಕಾರ ಇನ್ನೊಂದು ದಾರಿ ಹಿಡಿಯಿತು: ಒಪ್ಪಿದವರು ಹೊರಗೆ ಬರಲಿ, ಕುಟುಂಬಕ್ಕೆ 15 ಲಕ್ಷ ರೂಪಾಯಿ. 2025ರ ಮೇ ತಿಂಗಳಲ್ಲಿ ತಳೇವಾಡಿಯ 27 ಕುಟುಂಬಗಳಿಗೆ ಅದರ ಮೊದಲ ಕಂತು, ಹತ್ತು ಹತ್ತು ಲಕ್ಷ, ಸಿಕ್ಕಿತು.

ಹೋಗಬೇಕೋ ಬೇಡವೋ? ನಾನು ಮಾತಾಡಿಸಿದ ಕಾಡಿನ ಹೆಂಗಸರಲ್ಲಿ ವಯಸ್ಸಿಗೆ ತಕ್ಕ ಹಾಗೆ ಉತ್ತರ ಬೇರೆ. ಸಣ್ಣ ಮಕ್ಕಳ ತಾಯಂದಿರು ಒಂದು ಕ್ಷಣವೂ ಯೋಚಿಸಲಿಲ್ಲ. "ಮಗಳಿಗೆ ಸಾಲಿ ಬೇಕು, ನನಗ ದವಾಖಾನಿ ಬೇಕು. ಕಾಡ ನೋಡೂದಾದ್ರ ನೀವ ಬಂದ ಇರ್ರಿ" ಎಂದು ಒಬ್ಬಳು ನನಗೇ ಚುಚ್ಚಿದಳು. ಸರಿಯಾದ ಮಾತೇ. ಮುದುಕಿಯರ ಚಿಂತೆ ಬೇರೆ. ದುಡ್ಡು ಗಂಡಸರ ಹೆಸರಿಗೆ ಬರುತ್ತದೆ, ಮೋಟಾರ್‌ಸೈಕಲ್ಲಿಗೆ ಹೋಗುತ್ತದೆ, ಆಮೇಲೆ? ಇಲ್ಲಿ ಸೌದೆ, ನೀರು, ಸೊಪ್ಪು, ಅಣಬೆ ಯಾವುದಕ್ಕೂ ಪೈಸೆ ಬಿಚ್ಚುವಂತಿಲ್ಲ; ಪೇಟೆಯ ಅಂಚಿನಲ್ಲಿ ಕೊತ್ತಂಬರಿಗೂ ದುಡ್ಡು. ನಡುವಯಸ್ಸಿನವಳೊಬ್ಬಳು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: "ಅಲ್ಲಿ ರಾತ್ರಿ ನಮ್ಮ ಕೂಸಿಗೆ ಜ್ವರಾ ಬಂದ್ರ ಬಾಜೂ ಮನಿಯವರು ಬಾಗಲಾ ತಗೀತಾರೇನ್ರಿ?"

ಪೇಟೆಯವಳಾಗಿ ನನ್ನ ಅಭಿಪ್ರಾಯ ಕೇಳಿದರೆ, ಹೋಗುವವರನ್ನು ತಡೆಯಬಾರದು. ಆದರೆ 27 ಮನೆಗಳನ್ನು 27 ಕಡೆ ಚದುರಿಸಿದರೆ ಆ ಕಣಜದ ಎರಡು ಹೆಚ್ಚಿನ ಪಾಲು ಮೊದಲು ನಿಂತುಹೋಗುತ್ತದೆ. ಕೂಡಿ ಬಂದವರಿಗೆ ಕೂಡಿಯೇ ಜಾಗ ಸಿಗಬೇಕು, ದುಡ್ಡು ಗಂಡ–ಹೆಂಡತಿ ಇಬ್ಬರ ಹೆಸರಲ್ಲೂ ಬ್ಯಾಂಕಿಗೆ ಬೀಳಬೇಕು. ಉಳಿಯುವ ಊರುಗಳಿಗೆ ದೊಡ್ಡ ರಸ್ತೆ ಆಗದಿದ್ದರೆ ಬೇಡ, ಹಳ್ಳಕ್ಕೊಂದು ಗಟ್ಟಿ ಕಾಲುಸಂಕವಾದರೂ ಆಗಲಿ. ಅದರಿಂದ ಯಾವ ಹುಲಿಗೆ ತೊಂದರೆ?

ಹೋಗುವುದಾದರೆ

ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಯಿಂದ ಫೆಬ್ರುವರಿಯ ತನಕ ಒಳ್ಳೆಯ ಕಾಲ. ಬೆಳಗಾವಿಯಿಂದ ಚೋರ್ಲಾ ಘಟ್ಟದ ಮೂಲಕ ಗೋವೆಗೆ ಹೋಗುವ ದಾರಿಯಲ್ಲೇ ಜಾಂಬೋಟಿ, ಕಣಕುಂಬಿ ಸಿಗುತ್ತವೆ. ಕಣಕುಂಬಿಯಲ್ಲಿ ಮಲಪ್ರಭೆಯ ಉಗಮ, ಮಾವುಲಿ ದೇವಿಯ ಗುಡಿ ನೋಡಿ. ವನ್ಯಧಾಮದೊಳಗಿನ ಊರುಗಳಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಬೇಡಿ. ಕರಡಿ ಇವೆ, ಕಾಡುಕೋಣ ಇವೆ. ಮಳೆಗಾಲದಲ್ಲಿ ಜಲಪಾತದ ಫೋಟೋಕ್ಕೆಂದು ಹಳ್ಳಕ್ಕೆ ಇಳಿಯುವುದಂತೂ ಬೇಡವೇ ಬೇಡ. ಕಾಲಿಗೆ ಹತ್ತುವ ಇಂಬಳಕ್ಕೆ ಉಪ್ಪಿನ ಪೊಟ್ಟಣ ಇಟ್ಟುಕೊಂಡಿರಿ.

ಮನೆಯೊಂದಕ್ಕೆ ಹೋದರೆ ಮಿಠಾಯಿ ಡಬ್ಬಿಯ ಬದಲು ಟಾರ್ಚಿನ ಸೆಲ್ಲು, ಮಕ್ಕಳ ಜ್ವರದ ಔಷಧಿ, ಒಂದೆರಡು ಒಳ್ಳೆಯ ಟವೆಲ್ಲು ಒಯ್ಯಿರಿ. ಕುಂದಾ ಒಯ್ದರೂ ಬೇಡ ಅನ್ನುವುದಿಲ್ಲ. ಕೊಟ್ಟ ಚಹಾ ಕುಡಿಯದೆ ಏಳಬೇಡಿ, ಹಾಲಿಲ್ಲದ ಕರಿಚಹಾ ಆದರೂ. ತಿರುಗಿ ಬರುವ ಕೊನೆಯ ಬಸ್ಸಿನ ವೇಳೆಯನ್ನು ಹೋಗುವಾಗಲೇ ಜಾಂಬೋಟಿಯಲ್ಲಿ ಕೇಳಿಟ್ಟುಕೊಳ್ಳಿ. ಅಲ್ಲಿಂದ ಮುಂದೆ ಫೋನು ಹತ್ತುವುದಿಲ್ಲ.